ಸ್ಕ್ರಿಪ್ಟಲ್ಲಿದ್ದ ಚೆಕ್ ರೂಲ್ ಟೇಬಲ್ಲಲ್ಲಿ ಇರ್ಲೇ ಇಲ್ಲ

ಒಂದು ಹಾಲಿನ ಸಂಘದ ಲೆಕ್ಕದ ಸಾಫ್ಟ್‌ವೇರ್ ನಾನೇ ನೋಡ್ಕೊಳ್ಳೋದು. ಒಂದಿನ ಸೆಕ್ರೆಟರಿ ಫೋನ್ ಮಾಡಿ "ಸಾರ್, ಒಬ್ರ ಬಿಲ್ಲು ವಿಪರೀತ ಬಂದಿದೆ ನೋಡಿ" ಅಂದ್ರು. ತೆಗ್ದು ನೋಡಿದ್ರೆ ಹಸುವಿನ ಹಾಲಿಗೆ ಫ್ಯಾಟ್ 38 ಅಂತ ಎಂಟ್ರಿ ಆಗಿದೆ, 3.8 ಹೊಡಿಯೋವಾಗ ಚುಕ್ಕಿ ಬಿಟ್ಟೋಗಿದೆ. ನಂಗೆ ಗಾಬರಿ ಆಗಿದ್ದು ಯಾಕಂದ್ರೆ ಫ್ಯಾಟ್ 2ರಿಂದ 12ರ ಒಳಗೇ ಇರ್ಬೇಕು ಅಂತ ಟೇಬಲ್ ಮಾಡೋವಾಗ್ಲೇ ಚೆಕ್ ಕನ್‌ಸ್ಟ್ರೇಂಟ್ (ಷರತ್ತು ಮೀರಿದ ಎಂಟ್ರಿನ ಡೇಟಾಬೇಸೇ ತಡಿಯೋ ರೂಲ್) ಬರ್ದಿದ್ದೆ, ಸ್ಕ್ರಿಪ್ಟಲ್ಲಿ ಈಗ್ಲೂ ಇದೆ.

ಟೇಬಲ್ ಈಗ ಹೇಗಿದೆ ಅಂತ ತೋರ್ಸೋ ಶೋ ಕ್ರಿಯೇಟ್ ಟೇಬಲ್ ಕಮ್ಯಾಂಡ್ ಹೊಡ್ದೆ. ಪ್ರೈಮರಿ ಕೀ ಇದೆ, ಫಾರಿನ್ ಕೀ ಇದೆ, ಚೆಕ್ ಅನ್ನೋ ಸಾಲೇ ಇಲ್ಲ! ನಾವು ಶುರು ಮಾಡಿದ್ದು ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್‌ನ 5.7 ವರ್ಶನ್‌ನಲ್ಲಿ, ಅದು ಚೆಕ್ ಅಂತ ಬರ್ದಿದ್ದನ್ನ ಓದುತ್ತೆ, ಎರರ್ ಕೊಡಲ್ಲ, ಸುಮ್ನೆ ಬಿಟ್ಟಾಕುತ್ತೆ. ನಿಜವಾಗ್ಲೂ ಜಾರಿ ಮಾಡೋದು 2019ರಲ್ಲಿ ಬಂದ 8.0.16ರಿಂದ. ಆಮೇಲೆ ಅಪ್‌ಗ್ರೇಡ್ ಮಾಡಿದ್ವಿ ಸರಿ, ಆದ್ರೆ ಮೊದಲು ಉಳಿಸ್ಕೊಳ್ಳದೇ ಇರೋ ರೂಲ್ ಎಲ್ಲಿಂದ ಬರುತ್ತೆ.

ಒಂದೊಂದೇ ಟೇಬಲ್ ತೆಗ್ದು ನೋಡೋ ಬದಲು ಎಲ್ಲಾ ಟೇಬಲ್‌ಗಳ ವಿವರ ಒಂದೇ ಕಡೆ ಸಿಗೋ ಇನ್ಫರ್ಮೇಶನ್ ಸ್ಕೀಮಾಗೆ ಹೋದೆ. ಅಲ್ಲಿ ಚೆಕ್ ಕನ್‌ಸ್ಟ್ರೇಂಟ್ಸ್ ಅನ್ನೋದ್ರಲ್ಲಿ ರೂಲ್‌ನ ಹೆಸರು, ಷರತ್ತು ಎರಡೂ ಸಿಗುತ್ತೆ, ಆದ್ರೆ ಯಾವ ಟೇಬಲ್‌ದು ಅಂತ ಇರಲ್ಲ, ಅದಕ್ಕೆ ಟೇಬಲ್ ಕನ್‌ಸ್ಟ್ರೇಂಟ್ಸ್ ಜೊತೆ ಸ್ಕೀಮಾ (ಅಂದ್ರೆ ಡೇಟಾಬೇಸಿನ ಹೆಸರು) ಮತ್ತು ರೂಲ್‌ನ ಹೆಸರು ಹಿಡ್ದು ಜಾಯಿನ್ ಮಾಡ್ಬೇಕು, ಟೈಪ್ ಚೆಕ್ ಇರೋದಷ್ಟೇ ತಗೋಬೇಕು. ಅಲ್ಲೇ ರೂಲ್ ಜಾರಿಯಲ್ಲಿದೆಯಾ ಅಂತ ಹೇಳೋ ಎನ್‌ಫೋರ್ಸ್ಡ್ ಅನ್ನೋ ಕಾಲಂ ಇದೆ, ಅದನ್ನ ದಯವಿಟ್ಟು ಬಿಡ್ಬೇಡಿ. ನಂಗೆ ಬಂದಿದ್ದು ಬರೀ ಎರಡು ಸಾಲು, ಎರಡೂ ಅಪ್‌ಗ್ರೇಡ್ ಆದ್ಮೇಲೆ ಹಾಕಿದ್ದು, ಅದ್ರಲ್ಲೂ ಒಂದಕ್ಕೆ 'ನೋ' ಇತ್ತು, ಹಳೇ ಡೇಟಾ ತುಂಬೋವಾಗ ಆಫ್ ಮಾಡಿ ಮತ್ತೆ ಆನ್ ಮಾಡೋದು ಮರ್ತಿದ್ದೆ.

ಫ್ಯಾಟ್ ರೂಲ್ ಸೇರ್ಸೋಕೆ ಹೋದ್ರೆ 3819 ಎರರ್, ಅಂದ್ರೆ ಇರೋ ಡೇಟಾನೇ ರೂಲ್ ಮೀರಿದೆ. ಆ ಸಾಲುಗಳನ್ನ ಸೆಲೆಕ್ಟ್ ಮಾಡಿ ತೆಗ್ದು, ಸಂಘದಲ್ಲಿ ಇಟ್ಟಿದ್ದ ಚೀಟಿ ಜೊತೆ ಸೆಕ್ರೆಟರಿ, ನಾನು ಕೂತು ತಾಳೆ ನೋಡಿ ತಿದ್ದಿದ್ವಿ. ಚುಕ್ಕಿ ತಪ್ಪಿ ಕಮ್ಮಿ ದುಡ್ಡು ಹೋದವ್ರೂ ಇದ್ರು, 4.2 ಇರ್ಬೇಕಾದ್ದು 0.42 ಆಗಿತ್ತು, ಅದು ಬಹಳ ಬೇಜಾರಾಯ್ತು.

ಆಮೇಲೆ ರೂಲ್ ಕೂತ್ಕೊಂಡ್ತು. ಬೇಕಂತ್ಲೇ 38 ಹೊಡ್ದೆ, ತಡೀತು. ಫ್ಯಾಟ್ ಖಾಲಿ ಬಿಟ್ಟು ಹೊಡ್ದೆ, ಒಳಗೆ ಹೋಯ್ತು! ನಲ್ (ಅಂದ್ರೆ ಖಾಲಿ) ಇದ್ರೆ ಚೆಕ್ ಪಾಸ್ ಆಗ್ಬಿಡುತ್ತೆ, ಹಾಗಾಗಿ ಆ ಟೆಸ್ಟ್ ಎಂಟ್ರಿ ಅಳಿಸಿ ಆ ಕಾಲಂಗೆ ಖಾಲಿ ಬಿಡೋ ಹಾಗಿಲ್ಲ ಅನ್ನೋ ನಾಟ್ ನಲ್ ರೂಲೂ ಹಾಕ್ದೆ.