ಸಾಲದ ಮಧ್ಯೆ 96 ಸಾವಿರದ ಹಲ್ಲು: ನಾನು ಲೆಕ್ಕ ಹಾಕಿದ ರೀತಿ

ಎಸ್ಟಿಮೇಟ್ ಚೀಟಿಯಲ್ಲಿ ಇದ್ದದ್ದು 96,000 ರೂಪಾಯಿ. ಎಡಗಡೆ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ (ಬೇರಿನೊಳಗಿನ ನಾಳ ಸ್ವಚ್ಛ ಮಾಡಿ ತುಂಬುವುದು) 6,000, ಅದರ ಮೇಲೆ ಜಿರ್ಕೋನಿಯಾ ಅನ್ನುವ ಬಿಳಿ ಸೆರಾಮಿಕ್ ಕ್ಯಾಪ್ 12,000. ಮೇಲಿನ ಇನ್ನೊಂದು ಹಲ್ಲಿಗೂ ಅದೇ, ಮತ್ತೆ 18,000. ಬಲಗಡೆ ಎಷ್ಟೋ ವರ್ಷದಿಂದ ಖಾಲಿ ಇರುವ ಜಾಗಕ್ಕೆ ಇಂಪ್ಲಾಂಟ್, ಅಂದರೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು, 42,000. ನಾಲ್ಕು ಫಿಲ್ಲಿಂಗ್ 8,000, ಬುದ್ಧಿಹಲ್ಲು ಕೀಳಲು 8,000, ಕ್ಲೀನಿಂಗ್ 2,000. ನಾನು ಹೋಗಿದ್ದು ಒಂದೇ ಒಂದು ಹಲ್ಲು ನೋವು ಅಂತ.

ಆಗ ನಮ್ಮ ಮನೆ ಪರಿಸ್ಥಿತಿ ಹೀಗಿತ್ತು. ಯಜಮಾನರ ಅಂಗಡಿ ನಷ್ಟದಲ್ಲಿತ್ತು, ನನ್ನ ಬಳೆ ಬ್ಯಾಂಕಿನಲ್ಲಿ ಅಡ ಕೂತಿತ್ತು, ಸಂಘದ ಕಂತು ನಡೀತಾ ಇತ್ತು, ಎಲ್ಲಕ್ಕಿಂತ ಜಾಸ್ತಿ ಸುಡುತ್ತಿದ್ದದ್ದು ಕ್ರೆಡಿಟ್ ಕಾರ್ಡಿನ 1,40,000 ಬಾಕಿ. ತಿಂಗಳಿಗೆ 3.5 ಪರ್ಸೆಂಟ್ ಬಡ್ಡಿ ಅಂದರೆ 4,900. ಆ ಬಡ್ಡಿ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದು 882. ಅಸಲಿಗೆ ಒಂದು ಪೈಸೆ ಹೋಗುವ ಮೊದಲೇ ತಿಂಗಳಿಗೆ 5,782 ರೂಪಾಯಿ ಆವಿ. ಖಾಸಗಿ ಶಾಲೆ ಟೀಚರ್ ಸಂಬಳ ಎಷ್ಟಿರುತ್ತೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಲಿನಿಕ್‌ನ ಕೌಂಟರಿನಲ್ಲಿದ್ದ ಹುಡುಗಿ ತುಂಬ ಪ್ರೀತಿಯಿಂದಲೇ ಹೇಳಿದಳು, "ಮೇಡಂ, ನೋ ಕಾಸ್ಟ್ ಇಎಂಐ ಇದೆ, ತಿಂಗಳಿಗೆ ಬರೀ ಎಂಟು ಸಾವಿರ, ಹನ್ನೆರಡು ತಿಂಗಳು." ಪೂರ್ತಿ ಕ್ಯಾಶ್ ಕೊಟ್ಟರೆ ಎಷ್ಟು ಬಿಡ್ತೀರಿ ಅಂತ ಕೇಳಿದೆ. ಹತ್ತು ಪರ್ಸೆಂಟ್ ಅಂದಳು. ಹಾಗಾದರೆ ಆ ಕೆಲಸದ ನಿಜವಾದ ಬೆಲೆ 86,400, ಮಿಕ್ಕ 9,600 ಬಡ್ಡಿಯೇ ಅಲ್ವಾ? ಅದು ಹತ್ತು ಪರ್ಸೆಂಟ್ ಬಡ್ಡಿಯೂ ಅಲ್ಲ. ತಿಂಗಳು ತಿಂಗಳು ತೀರಿಸುತ್ತಾ ಹೋಗುವುದರಿಂದ ಸರಾಸರಿ ಅರ್ಧದಷ್ಟೇ ಹಣ ನಮ್ಮ ಮೇಲೆ ಸಾಲವಾಗಿರುತ್ತೆ, ಹಾಗಾಗಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 20 ಪರ್ಸೆಂಟ್ ಬೀಳುತ್ತೆ. ಪ್ರೊಸೆಸಿಂಗ್ ಫೀ ಬೇರೆ. ಇನ್ನು ನಮ್ಮ ಆರೋಗ್ಯ ವಿಮೆ ತೆಗೆದು ನೋಡಿದೆ. ಅಪಘಾತದಲ್ಲಿ ಪೆಟ್ಟಾಗಿ ಹಲ್ಲಿನ ಚಿಕಿತ್ಸೆ ಬೇಕಾದರೆ ಮಾತ್ರ ದುಡ್ಡು, ಹುಳುಕು ಹಲ್ಲಿಗೆ ಏನೂ ಇಲ್ಲ. ಹೆಚ್ಚಿನ ಪಾಲಿಸಿಗಳ ಕತೆ ಇದೇ.

ಮನೆಗೆ ಬಂದು ಯಜಮಾನರ ಹತ್ತಿರ ಹೇಳಿದರೆ ಅವರದ್ದು ಎರಡೇ ದಾರಿ. "ಒಂದೋ ಪೂರ್ತಿ ಮಾಡಿಸ್ಕೋ, ಇಲ್ಲಾಂದ್ರೆ ಕೀಳಿಸಿ ಬಿಸಾಕು, ನಮ್ಮಮ್ಮ ಏನು ಹಲ್ಲಿಲ್ಲದೆ ಬದುಕಲಿಲ್ವಾ?" ನನಗೆ ಎರಡೂ ಸರಿ ಕಾಣಲಿಲ್ಲ. ಚೀಟಿ ಹಿಂದೆ ಒಂದೊಂದು ಹಲ್ಲಿಗೆ ಒಂದೊಂದು ಸಾಲು ಬರೆದೆ. ಪಕ್ಕದಲ್ಲಿ ಒಂದೇ ಪ್ರಶ್ನೆ: ಇದನ್ನು ಒಂದು ವರ್ಷ ಬಿಟ್ಟರೆ ಖರ್ಚು ಎಷ್ಟು ಏರುತ್ತೆ? ಸಾಲಕ್ಕೆ ಬಡ್ಡಿ ಇರುವ ಹಾಗೆ ಹಲ್ಲಿಗೂ ಬಡ್ಡಿ ಇದೆ, ಆದರೆ ಎಲ್ಲ ಹಲ್ಲಿಗೂ ಒಂದೇ ದರ ಇಲ್ಲ. ಯಾವ ಹಲ್ಲಿನ ಬಡ್ಡಿ ನನ್ನ ಕಾರ್ಡಿಗಿಂತ ಜಾಸ್ತಿಯೋ ಅದಕ್ಕೆ ಮೊದಲು ದುಡ್ಡು.

ಈ ಪ್ರಶ್ನೆಗೆ ಉತ್ತರ ನನ್ನಿಂದ ಆಗುವುದಲ್ಲ, ಮಾರುವವರಿಂದ ಕೇಳುವುದೂ ಅಲ್ಲ. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ. ಒಂದರಲ್ಲಿ ಚೀಟಿ ಮಾಡಿಸಿದೆ. ಮೊದಲು ಬಾಯಿ ನೋಡುವ ವಿಭಾಗ, ಎಕ್ಸ್‌ರೇ, ಆಮೇಲೆ ಯಾವ ವಿಭಾಗಕ್ಕೆ ಬೇಕೋ ಅಲ್ಲಿಗೆ ಕಳಿಸುತ್ತಾರೆ. ನನಗೆ ಸಿಕ್ಕಿದ್ದು ಪಿಜಿ ಓದುವ ಒಬ್ಬಳು ಹುಡುಗಿ. ನನ್ನ ಹಳೇ ಸ್ಟೂಡೆಂಟುಗಳ ವಯಸ್ಸು. "ಡಾಕ್ಟ್ರೇ, ಯಾವುದು ಈಗಲೇ ಆಗಬೇಕು, ಯಾವುದು ಕಾಯುತ್ತೆ, ಅಷ್ಟು ಹೇಳಿ, ನನಗೆ ಸಾಲ ಇದೆ" ಅಂತ ನೇರವಾಗಿ ಹೇಳಿಬಿಟ್ಟೆ. ಇದನ್ನು ಹೇಳೋಕೆ ನಾಚಿಕೆ ಪಡಬೇಡಿ. ಹೇಳಿದ ಮೇಲೇ ಆಕೆ ಸ್ಟೂಲ್ ಎಳೆದುಕೊಂಡು ಕೂತು ಎಕ್ಸ್‌ರೇ ವಿವರಿಸಿದ್ದು.

ಎಡಗಡೆ ಕೆಳಗಿನ ಹಲ್ಲು, ಅವರ ಭಾಷೆಯಲ್ಲಿ 36, ಬೇರಿನ ತುದಿಯಲ್ಲಿ ಕಪ್ಪು ಮಚ್ಚೆ. ಅಂದರೆ ಒಳಗಿನ ನರ ಸತ್ತು ಸೋಂಕು ಮೂಳೆಗೆ ಇಳಿದಿದೆ. ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ತಂದು ನುಂಗಿದರೆ ಬಾವು ಇಳಿಯಬಹುದು, ಸೋಂಕಿನ ಮೂಲ ಹಲ್ಲಿನೊಳಗೇ ಇರುತ್ತೆ, ಮತ್ತೆ ಬರುತ್ತೆ. ಇದನ್ನು ಬಿಟ್ಟರೆ ಹಲ್ಲೇ ಹೋಗುತ್ತೆ, ಆಮೇಲೆ ಆ ಜಾಗಕ್ಕೂ 42,000ದ ಮಾತು ಶುರು. ಇದು ಕಾಯುವ ಕೆಲಸ ಅಲ್ಲ.

ಮೇಲಿನ 26ರ ವಿಷಯವೇ ಬೇರೆ ಆಯಿತು. ಹತ್ತಿಯ ಉಂಡೆಗೆ ಏನೋ ತಣ್ಣನೆಯ ಸ್ಪ್ರೇ ಹೊಡೆದು ಹಲ್ಲಿಗೆ ಒತ್ತಿದಳು. ಜುಮ್ ಅಂತು, ತೆಗೆದ ತಕ್ಷಣ ಹೋಯಿತು. ಅಂದರೆ ನರ ಜೀವಂತ ಇದೆ, ಚೆನ್ನಾಗಿಯೇ ಇದೆ. ಏನೂ ಗೊತ್ತಾಗದಿದ್ದರೆ ನರ ಸತ್ತಿರಬಹುದು, ತೆಗೆದ ಮೇಲೂ ನೋವು ಎಳೆಯುತ್ತಲೇ ಇದ್ದರೆ ರೂಟ್ ಕೆನಾಲ್ ಬೇಕಾಗುವ ಸಾಧ್ಯತೆ ಜಾಸ್ತಿ. ನನಗೆ ಆಳದ ಒಂದು ಫಿಲ್ಲಿಂಗ್ ಸಾಕು ಅಂದರು, ಮುಂದೆ ನೋವು ಬಂದರೆ ನೋಡೋಣ ಅಂತ. 18,000 ಅಲ್ಲೇ ಉಳಿಯಿತು. ಮೊದಲ ಡಾಕ್ಟರ್ ಮೋಸ ಮಾಡಿದರು ಅಂತ ನಾನು ಹೇಳಲ್ಲ, ಹುಳುಕು ನರಕ್ಕೆ ಹತ್ತಿರ ಇದ್ದಾಗ ಒಬ್ಬೊಬ್ಬರ ಅಂದಾಜು ಒಂದೊಂದು ಥರ ಇರುತ್ತೆ. ಆದರೆ ಸಾಲ ಇದ್ದವರಿಗೆ ಇಂಥ ಕಡೆ ಎರಡನೇ ಅಭಿಪ್ರಾಯ ಬೇಕೇ ಬೇಕು.

ಫಿಲ್ಲಿಂಗ್ ಹೇಳಿದ್ದ ನಾಲ್ಕರಲ್ಲಿ ಎರಡು ಬರೀ ಕಲೆ, ಗುಳಿ ಬಿದ್ದಿರಲಿಲ್ಲ. ಬುದ್ಧಿಹಲ್ಲು ನೆಟ್ಟಗೆ ಬಂದಿದೆ, ಬ್ರಷ್ ತಲುಪುತ್ತೆ, ನೋವಿಲ್ಲ, ಪಕ್ಕದ ಹಲ್ಲನ್ನು ಕೆಡಿಸಿಲ್ಲ. ಸುಮ್ನೆ ಬಿಡಿ ಅಂದರು. ಕ್ಲೀನಿಂಗ್ ಮಾತ್ರ ತಪ್ಪಿಸಬೇಡಿ ಅಂತ ಒತ್ತಿ ಹೇಳಿದರು, ಯಾಕೆಂದರೆ ನನಗೆ ಸಕ್ಕರೆ ಕಾಯಿಲೆ ಇದೆ, ಶುಗರ್ ಇದ್ದವರಿಗೆ ಒಸಡಿನ ಕಾಯಿಲೆ ಬೇಗ ಜೋರಾಗುತ್ತೆ, ಒಸಡು ಕೆಟ್ಟರೆ ಶುಗರ್ ಹತೋಟಿಗೆ ಬರೋದೂ ಕಷ್ಟ. ಇಡೀ ಚೀಟಿಯಲ್ಲಿ ಅತಿ ಅಗ್ಗದ ಸಾಲು ಅದೇ, ಎಲ್ಲರೂ ಮೊದಲು ಹೊಡೆದುಹಾಕುವುದೂ ಅದನ್ನೇ.

ಉಳಿದದ್ದು ಇಂಪ್ಲಾಂಟ್. ಹಲ್ಲು ಕಿತ್ತ ಮೇಲೆ ಮೂಳೆ ಹೆಚ್ಚು ಸವೆಯುವುದು ಮೊದಲ ಒಂದು ವರ್ಷದಲ್ಲಿ. ನನ್ನದು ಕಿತ್ತು ಎಂಟು ವರ್ಷದ ಮೇಲಾಗಿದೆ, ಹೋಗಬೇಕಾದ ಮೂಳೆ ಬಹುಪಾಲು ಹೋಗಿಯಾಗಿದೆ. ಮೇಲಿನ ಹಲ್ಲು ಖಾಲಿ ಜಾಗಕ್ಕೆ ಸ್ವಲ್ಪ ಇಳಿದಿದೆ, ಪಕ್ಕದ್ದು ಸ್ವಲ್ಪ ವಾಲಿದೆ. ಇನ್ನೊಂದೆರಡು ವರ್ಷಕ್ಕೆ ದೊಡ್ಡ ವ್ಯತ್ಯಾಸ ಆಗಲಿಕ್ಕಿಲ್ಲ ಅಂದರು. ಹೋದ ತಿಂಗಳಷ್ಟೇ ಹಲ್ಲು ಕೀಳಿಸಿದವರು ಇದೇ ಲೆಕ್ಕ ಹಿಡಿಯಬೇಡಿ, ನಿಮ್ಮ ಉತ್ತರ ಬೇರೆ ಬರಬಹುದು. ಬ್ರಿಡ್ಜ್ ಬಗ್ಗೆ ಕೇಳಿದೆ, ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಡುವೆ ಕೃತಕ ಹಲ್ಲು ಕೂರಿಸುವುದು, ಅದಕ್ಕೆ ಆ ಎರಡು ಒಳ್ಳೆ ಹಲ್ಲು ಅರೆಯಬೇಕು, ಅದು ಬೇಡ ಅನ್ನಿಸಿತು. ತೆಗೆದು ಹಾಕುವ ಹಲ್ಲು ಅಗ್ಗ, ಆದರೆ ಒಂದು ಹಲ್ಲಿಗೋಸ್ಕರ ಆ ಪ್ಲೇಟ್ ಇಟ್ಟುಕೊಂಡು ಪಾಠ ಮಾಡುವ ತಾಳ್ಮೆ ನನಗಿಲ್ಲ.

ಈಗ ಹಣದ ಮಾತು. 36ಕ್ಕೆ ರೂಟ್ ಕೆನಾಲ್, ಕ್ಯಾಪ್, ಮೂರು ಫಿಲ್ಲಿಂಗ್, ಕ್ಲೀನಿಂಗ್ ಎಲ್ಲ ಸೇರಿ ಕಾಲೇಜಿನಲ್ಲಿ ನನಗೆ ಆದದ್ದು 11,000ದ ಆಸುಪಾಸು. ಈ 11,000 ಕಾರ್ಡಿಗೆ ಕಟ್ಟುವ ಬದಲು ಹಲ್ಲಿಗೆ ಹಾಕಿದ್ದರಿಂದ ತಿಂಗಳಿಗೆ ಜಿಎಸ್‌ಟಿ ಸೇರಿ ಸುಮಾರು 454 ರೂಪಾಯಿ ಹೆಚ್ಚು ಬಡ್ಡಿ. ಒಂದು ಹಲ್ಲು ಉಳಿಸೋಕೆ ಅದು ದುಬಾರಿ ಅಲ್ಲ. ಅದೇ ಇಂಪ್ಲಾಂಟಿನ 42,000 ತೆಗೆದುಕೊಳ್ಳಿ: ಆ ಹಣ ಕಾರ್ಡಿಗೆ ಹೋದರೆ ತಿಂಗಳಿಗೆ 1,735 ರೂಪಾಯಿ ಬಡ್ಡಿ ಉಳಿಯುತ್ತೆ. ವರ್ಷ ಕಾದರೆ ಇಪ್ಪತ್ತು ಸಾವಿರದ ಮೇಲೆ. ಖಾಲಿ ಜಾಗ ಆ ವರ್ಷದಲ್ಲಿ ನನಗೆ ಅಷ್ಟು ನಷ್ಟ ಮಾಡುವುದಿಲ್ಲ. ಅಲ್ಲಿಗೆ ತೀರ್ಮಾನ ಆಯಿತು. ಹೊಸ ಸಾಲ ಮಾಡಲಿಲ್ಲ. ಕಾಲೇಜಿನಲ್ಲಿ ಒಂದೊಂದು ಸಲ ಕೂತಾಗ ಒಂದೊಂದು ಭಾಗಕ್ಕೆ ರಸೀದಿ ಮಾಡಿಸುವುದರಿಂದ ಸಂಬಳದಲ್ಲೇ ತೂಗಿಸಿದೆ. ಆ ತಿಂಗಳುಗಳಲ್ಲಿ ಕಾರ್ಡಿಗೆ ಕಟ್ಟುವ ಹೆಚ್ಚುವರಿ ಹಣ ಕಡಿಮೆ ಮಾಡಿದೆ, ಮಿನಿಮಮ್ ಡ್ಯೂಗೆ, ಅಂದರೆ ಬ್ಯಾಂಕು ಕೇಳುವ ಕನಿಷ್ಠ ಮೊತ್ತಕ್ಕೆ, ಮಾತ್ರ ಇಳಿಸಲಿಲ್ಲ.

ಕಾಲೇಜಿನಲ್ಲಿ ಅಗ್ಗ, ಆದರೆ ಸಮಯ ಕೊಡಬೇಕು. ಬೆಳಿಗ್ಗೆ ಹೋದರೆ ಮಧ್ಯಾಹ್ನ. ಪ್ರತಿ ಹಂತಕ್ಕೂ ದೊಡ್ಡ ಡಾಕ್ಟರ್ ಬಂದು ನೋಡಿ ಸಹಿ ಹಾಕಬೇಕು, ಅವರು ಪಾಠಕ್ಕೆ ಹೋಗಿದ್ದರೆ ಬಾಯಿ ತೆರೆದುಕೊಂಡು ಕಾಯಬೇಕು. ನನಗೆ ಅದೇ ಧೈರ್ಯವೂ ಆಯಿತು. ಸೂಜಿಯಂಥ ಫೈಲುಗಳು, ಹಿಡಿಕೆಗೆ ಬಿಳಿ, ಹಳದಿ, ಕೆಂಪು, ನೀಲಿ ಬಣ್ಣ, ಒಂದಾದ ಮೇಲೊಂದು ದಪ್ಪ. ಬೇರಿನ ಉದ್ದ ಅಳೆಯುವ ಪುಟ್ಟ ಯಂತ್ರ ಒಂದು, ತುದಿ ಹತ್ತಿರ ಹೋದ ಹಾಗೆ ಬೀಪ್ ಬೀಪ್ ಜೋರಾಗುತ್ತೆ. ಮೂರು ನಾಳ ಸ್ವಚ್ಛ ಮಾಡಿ ಆಗಿತ್ತು, ಸರ್ ಬಂದು ಬಗ್ಗಿ ನೋಡಿ "ಇಲ್ಲೇ ಇನ್ನೊಂದಿದೆ ನೋಡಮ್ಮ" ಅಂದರು. ನಾಲ್ಕನೆಯದು ಸಿಕ್ಕಿತು. ಅದು ಒಳಗೇ ಉಳಿದಿದ್ದರೆ ಇಷ್ಟು ಖರ್ಚೂ ನೀರಲ್ಲಿ ಹೋಮ.

ಕ್ಯಾಪ್ ವಿಷಯದಲ್ಲಿ ಎರಡು ಮಾತು. ರೂಟ್ ಕೆನಾಲ್ ಆಯಿತು, ನೋವು ಹೋಯಿತು, ಕ್ಯಾಪ್ ಆಮೇಲೆ ಅಂತ ತಿಂಗಳುಗಟ್ಟಲೆ ಬಿಡುವವರು ಬಹಳ. ದವಡೆ ಹಲ್ಲು ಒಳಗಿಂದ ಟೊಳ್ಳಾಗಿರುತ್ತೆ, ಮಂಡಕ್ಕಿ ಜೊತೆ ಹುರಿಗಡಲೆ ಕಡಿದಾಗ ಸೀಳಿದರೆ ಎಷ್ಟೋ ಸಲ ಕೀಳುವುದೊಂದೇ ದಾರಿ. ಇನ್ನು ಯಾವ ಕ್ಯಾಪ್? ಹಿಂದಿನ ಹಲ್ಲಿಗೆ ನಾನು ಲೋಹದ್ದೇ ಹಾಕಿಸಿದೆ. ಅಗ್ಗ, ಗಟ್ಟಿ, ಹಲ್ಲನ್ನು ಅರೆಯುವುದೂ ಕಡಿಮೆ. ಜೋರಾಗಿ ನಕ್ಕರೆ ಫಳ್ ಅನ್ನುತ್ತೆ, ಮಕ್ಕಳು "ಮಿಸ್, ಬೆಳ್ಳಿ ಹಲ್ಲಾ?" ಅಂತಾರೆ, ಅನ್ನಲಿ ಬಿಡಿ.

ಸಂಬಳ 21,000ದ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ ಆಗ್ತಿದ್ದರೆ ಮೊದಲು ಅಲ್ಲಿ ವಿಚಾರಿಸಿ. ಮನೆಯಲ್ಲಿ ಹಲ್ಲೆಲ್ಲ ಹೋದ ಹಿರಿಯರಿದ್ದು ಬಿಪಿಎಲ್ ಕಾರ್ಡ್ ಇದ್ದರೆ, ಸೆಟ್‌ಗೆ ದುಡ್ಡು ಕೊಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ದಂತಭಾಗ್ಯ ಯೋಜನೆ ಬಗ್ಗೆ ಕೇಳಿ. ಒಂದು ಸಂದರ್ಭದಲ್ಲಿ ಮಾತ್ರ ಈ ಲೆಕ್ಕ ಯಾವುದೂ ಬೇಡ: ಮುಖ ಊದಿ ಕುತ್ತಿಗೆಗೆ ಇಳಿಯುತ್ತಿದೆ, ಜ್ವರ ಇದೆ, ಬಾಯಿ ತೆರೆಯೋಕೆ ನುಂಗೋಕೆ ಆಗ್ತಿಲ್ಲ ಅಂದರೆ ರಾತ್ರಿಯೇ ಆಗಲಿ ಆಸ್ಪತ್ರೆಗೆ ಹೋಗಿ. ಸೋಂಕು ಉಸಿರಿಗೇ ಅಡ್ಡ ಬರಬಹುದು.

ಇಂಪ್ಲಾಂಟ್ ಆಸೆ ಬಿಟ್ಟಿಲ್ಲ. ಕಾರ್ಡ್ ಬಾಕಿ ಈಗ ಅರ್ಧಕ್ಕಿಂತ ಕೆಳಗಿದೆ. ಅದು ತೀರಿದ ತಿಂಗಳಿಂದ ಅದೇ ಕಂತನ್ನು ಪೋಸ್ಟ್ ಆಫೀಸ್ ಆರ್‌ಡಿಗೆ ಹಾಕಬೇಕು ಅಂತಿದ್ದೇನೆ. ಸ್ಕ್ರೂ ಕೂರಿಸಿದ ಮೇಲೆ ಮೂಳೆ ಹಿಡಿಯೋಕೆ ಮೂರರಿಂದ ಆರು ತಿಂಗಳು ಬೇಕು, ಕ್ಯಾಪ್ ಅದಾದ ಮೇಲೆಯೇ. ಹಾಗಾಗಿ ಸ್ಕ್ರೂಗೆ ಎಷ್ಟು, ಕ್ಯಾಪಿಗೆ ಎಷ್ಟು, ಮೂಳೆ ತುಂಬಿಸಬೇಕಾದರೆ ಎಷ್ಟು ಅಂತ ಬಿಡಿಬಿಡಿಯಾಗಿ ಬರೆಸಿಕೊಂಡು ಬಂದಿದ್ದೇನೆ, ಎರಡು ಕಂತಿನಲ್ಲಿ ಕೊಡಲು ಒಪ್ಪಿದ್ದಾರೆ.