ಎರಡರಲ್ಲಿ ಏಳು ಹೋಗದಿದ್ದಾಗ

ಮೂರನೆಯ ತರಗತಿಗೆ ಗಣಿತ ಕಲಿಸಲು ತೊಡಗಿದ ಮೊದಲ ವರ್ಷಗಳಲ್ಲಿ ನಾನು ತಪ್ಪು ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಸರಿ ಉತ್ತರ ಬರೆದು, ಅದನ್ನು ಮೂರು ಸಲ ಬರೆಯಿಸುತ್ತಿದ್ದೆ. ಮಕ್ಕಳು ಚಾಚೂ ತಪ್ಪದೆ ಬರೆಯುತ್ತಿದ್ದರು. ಮರುದಿನ ಅದೇ ತಪ್ಪು ಬೇರೆ ಅಂಕಿಗಳ ವೇಷದಲ್ಲಿ ಬರುತ್ತಿತ್ತು. ಒಮ್ಮೆ 52ರಿಂದ 27ನ್ನು ಕಳೆದು 35 ಎಂದು ಬರೆದಿದ್ದ ಹುಡುಗಿಯನ್ನು, ತಿದ್ದುವ ಮೊದಲು, ಹೇಗೆ ಮಾಡಿದೆಯೆಂದು ಕೇಳಿದೆ. ‘ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲಿ ಎರಡು ಕಳೆದೆ’ ಎಂದಳು. ಯಾವಾಗಲೂ ದೊಡ್ಡದರಿಂದಲೇ ಚಿಕ್ಕದನ್ನು ಕಳೆಯಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದವಳು ನಾನೇ.

ಅಂದು ಸಂಜೆ ಎಲ್ಲರ ಪುಸ್ತಕಗಳನ್ನೂ ಮತ್ತೆ ತಿರುವಿದಾಗ, ಅಜಾಗರೂಕತೆಯೆಂದು ನಾನು ತಳ್ಳಿಹಾಕಿದ್ದ ಬಹುಪಾಲು ತಪ್ಪುಗಳಲ್ಲಿ ಒಂದು ಕ್ರಮ ಕಾಣಿಸಿತು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಸಂಶೋಧಕರು 1978ರಲ್ಲಿಯೇ, ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ಅನೇಕ ತಪ್ಪುಗಳು ಒಂದು ತಪ್ಪು ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲವೆಂದು ತೋರಿಸಿದ್ದರೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

ಮುಂದಿನ ವಾರ ಕಪ್ಪುಹಲಗೆಯನ್ನು ಬಿಟ್ಟು ಕಡ್ಡಿಗಳನ್ನೂ ರಬ್ಬರ್ ಬ್ಯಾಂಡುಗಳನ್ನೂ ತಂದೆ. ಹತ್ತರ ಕಟ್ಟುಗಳನ್ನು ನಾನು ಕಟ್ಟಿಕೊಡಲಿಲ್ಲ. ತಾನೇ ಎಣಿಸಿ ಕಟ್ಟಿದ ಕಟ್ಟಿನೊಳಗೆ ಹತ್ತು ಕಡ್ಡಿಗಳಿವೆಯೆಂದು ಮಗು ನಂಬುತ್ತದೆ, ಇನ್ನೊಬ್ಬರು ಕಟ್ಟಿದ್ದು ಅದಕ್ಕೆ ಒಂದು ವಸ್ತುವಾಗಿಯೇ ಉಳಿಯುತ್ತದೆ. ಅದೇ ಹುಡುಗಿಯ ಮುಂದೆ ಐದು ಕಟ್ಟು, ಎರಡು ಬಿಡಿ ಕಡ್ಡಿಗಳಿದ್ದವು. ಇಪ್ಪತ್ತೇಳು ಕೊಡು ಎಂದೆ. ಮೊದಲು ಎರಡು ಕಟ್ಟು ಕೊಟ್ಟಳು, ಅನಂತರ ಎರಡು ಬಿಡಿ ಕಡ್ಡಿ. ಇನ್ನೂ ಐದು ಬೇಕೆಂದು ಬೆರಳು ಮಡಿಸಿ, ಉಳಿದ ಮೂರು ಕಟ್ಟುಗಳನ್ನು ಸ್ವಲ್ಪ ಹೊತ್ತು ನೋಡಿ, ಅನುಮತಿ ಕೇಳುವವಳಂತೆ ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ರಬ್ಬರ್ ಬ್ಯಾಂಡ್ ಎಳೆದು ತೆಗೆದಳು. ಅವಳ ಬಳಿ ಎರಡು ಕಟ್ಟು, ಐದು ಬಿಡಿ ಉಳಿದವು.

ಬಿಡಿಸ್ಥಾನದಿಂದ ಆರಂಭಿಸಬೇಕೆಂಬ ನನ್ನ ಪಾಠಕ್ಕೆ ವಿರುದ್ಧವಾಗಿ ಅವಳು ಹತ್ತುಗಳಿಂದ ಆರಂಭಿಸಿದ್ದಳು. ಇದು ಸಹಜವೇ, ‘ಐವತ್ತೆರಡು’ ಎನ್ನುವಾಗ ನಾಲಿಗೆಯೂ ಹತ್ತುಗಳನ್ನೇ ಮೊದಲು ಹೇಳುತ್ತದೆ. (ಕಿವಿಗೆ ಕೇಳಿದಂತೆ ಬರೆಯುವ ಮಕ್ಕಳು ‘ನೂರ ಐದು’ ಎಂದರೆ 100ರ ಪಕ್ಕದಲ್ಲಿ 5 ಇಟ್ಟು 1005 ಎಂದು ಬರೆಯುವುದೂ ಉಂಟು.) ಹಾಗಾಗಿ ಕಡ್ಡಿಗಳೊಡನೆ ಇರುವಷ್ಟು ದಿನ ಯಾವ ಕಡೆಯಿಂದ ಕಳೆದರೂ ನಾನು ತಡೆಯುವುದಿಲ್ಲ.

‘ಸಾಲ ತೆಗೆದುಕೊಳ್ಳುವುದು’ ಎಂಬ ಮಾತನ್ನೂ ಆಗಲೇ ಬಿಟ್ಟೆ. ಹತ್ತರ ಮನೆಯಿಂದ ತಂದ ಸಾಲವನ್ನು ಯಾವಾಗ ತೀರಿಸುವುದೆಂದು ಒಬ್ಬ ಹುಡುಗ ಕೇಳಿದ್ದ. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅಲ್ಲಿ ಸಾಲವೇ ನಡೆದಿರುವುದಿಲ್ಲ. ಈಗ ‘ಕಟ್ಟು ಬಿಚ್ಚುವುದು’ ಎನ್ನುತ್ತೇನೆ.

ಆ ವರ್ಷ ನಾನೂ ಎಡವಿದೆ. ಕಡ್ಡಿಗಳಲ್ಲಿ ಎಲ್ಲರಿಗೂ ಬಂತೆಂಬ ಉತ್ಸಾಹದಲ್ಲಿ ನೇರವಾಗಿ ಅಂಕಿಗಳಿಗೆ ಹಾರಿದ್ದರಿಂದ, ಎರಡೇ ದಿನಗಳಲ್ಲಿ ಹಳೆಯ 35 ಮರಳಿ ಬಂತು. ಕೈಯಿಂದ ಮಾಡುವುದು, ಚಿತ್ರದಲ್ಲಿ ಕಾಣುವುದು, ಸಂಕೇತದಲ್ಲಿ ಬರೆಯುವುದು ಎಂದು ಮನೋವಿಜ್ಞಾನಿ ಜೆರೋಮ್ ಬ್ರೂನರ್ ಹೇಳಿದ ಮೂರು ಬಗೆಗಳಲ್ಲಿ ನಡುವಿನದನ್ನು ನಾನು ನುಂಗಿಬಿಟ್ಟಿದ್ದೆ. ಮುಂದೆ ಹತ್ತಕ್ಕೊಂದು ಗೆರೆ, ಬಿಡಿಗೊಂದು ಚುಕ್ಕೆ ಬರೆಯಿಸಿದೆ. ಗೆರೆಯನ್ನು ಹೊಡೆದು ಹತ್ತು ಚುಕ್ಕೆ ಇಡುವುದು ರೂಢಿಯಾದ ಮೇಲೆಯೇ ಅಂಕಿಗಳಿಗೆ ಬಂದೆವು. ಇದಕ್ಕಾಗಿ ಪಾಠಕ್ರಮದಲ್ಲಿ ಎರಡು ವಾರ ಹಿಂದೆ ಬಿದ್ದೆ.

ಆ ಎರಡು ವಾರಗಳ ಬೆಲೆ ತಿಳಿದದ್ದು ಸೊನ್ನೆ ಎದುರಾದಾಗ. 402ರಿಂದ 178ನ್ನು ಕಳೆಯುವಾಗ ನಡುವಿನ ಸೊನ್ನೆ ಹೇಗೆ 9 ಆಯಿತೆಂಬುದು, ನಿಯಮವನ್ನಷ್ಟೇ ಕಲಿತ ಮಗುವಿಗೆ ಕಣ್ಕಟ್ಟಿನಂತೆ ತೋರುತ್ತದೆ. ಹತ್ತು ಕಟ್ಟುಗಳನ್ನು ಸೇರಿಸಿ ದಪ್ಪ ರಬ್ಬರ್ ಬ್ಯಾಂಡಿನಲ್ಲಿ ನೂರರ ಕಟ್ಟು ಮಾಡಿದ್ದವರಿಗೆ ಹಾಗಾಗಲಿಲ್ಲ. ಹತ್ತರ ಕಟ್ಟು ಬಿಡಿಯಾಗಿ ಒಂದೂ ಇಲ್ಲವಾದ್ದರಿಂದ ಒಂದು ನೂರನ್ನು ಬಿಚ್ಚಿ ಹತ್ತು ಕಟ್ಟು ಪಡೆದರು. ಅವುಗಳಲ್ಲೊಂದನ್ನು ಬಿಡಿಗಳಿಗಾಗಿ ಬಿಚ್ಚಿದಾಗ ಮೂರು ನೂರು, ಒಂಬತ್ತು ಹತ್ತು, ಹನ್ನೆರಡು ಬಿಡಿ ಎದುರಿಗೇ ಇದ್ದವು. ಉತ್ತರ 224 ಎಂದು ಬರೆಯುವುದಷ್ಟೇ ಬಾಕಿ.

ಮಗ್ಗಿ ಬಾಯಿಪಾಠಕ್ಕೆ ನಾನು ವಿರೋಧಿಯಲ್ಲ, ಅದು ದಿನವೂ ನಡೆಯುತ್ತದೆ. ಆದರೆ ಕಟ್ಟು ಬಿಚ್ಚುವುದನ್ನೂ ಯಾಂತ್ರಿಕವಾಗಿಸಿಕೊಳ್ಳುವ ಮಕ್ಕಳಿದ್ದಾರೆ. 1000ದಿಂದ 998ನ್ನು ಕಳೆಯಲು ಕೊಟ್ಟಾಗ ಒಬ್ಬ ಹುಡುಗ ಸಾವಿರ, ನೂರು, ಹತ್ತು ಎಲ್ಲವನ್ನೂ ಒಂದೊಂದಾಗಿ ಬಿಚ್ಚುತ್ತಾ ಕುಳಿತಿದ್ದ. ಪಕ್ಕದವಳು ಪೆನ್ಸಿಲ್ಲನ್ನೇ ಮುಟ್ಟದೆ ‘ಒಂಬೈನೂರ ತೊಂಬತ್ತೊಂಬತ್ತು, ಸಾವಿರ... ಎರಡೇ’ ಎಂದಳು. ಅಂದಿನಿಂದ ಪ್ರತಿ ಅಭ್ಯಾಸದಲ್ಲೂ ಅಂಥದ್ದೊಂದು ಲೆಕ್ಕವನ್ನು ನಡುವೆ ಸೇರಿಸಿಡುತ್ತೇನೆ. ಬಿಚ್ಚುವ ಮೊದಲು ಯಾರು ಸಂಖ್ಯೆಗಳ ಕಡೆಗೆ ನೋಡುತ್ತಾರೆಂಬುದು ಅದರಿಂದ ತಿಳಿಯುತ್ತದೆ.