ಚಳಿಗಾಲದ ಅಳಿವೆಯಲ್ಲಿ ಗಾಳ: ತಿಥಿ, ಮೂಡುಗಾಳಿ, ತೆಳು ತಂಗೂಸಿ

ದೀಪಾವಳಿ ಕಳೆದು ಹೊಳೆಯ ಕೆಂಪು ನೀರು ನಿಂತ ಮೇಲೆ, ಫೆಬ್ರವರಿ ಮುಗಿಯುವವರೆಗೆ, ಉಡುಪಿ ಕರಾವಳಿಯಲ್ಲಿ ದಡದಿಂದ ಗಾಳ ಹಾಕುವವರಿಗೆ ಒಳ್ಳೆಯ ಕಾಲ. ಆದರೆ ಸೆಪ್ಟೆಂಬರಿನಲ್ಲಿ ಮೀನು ಕೊಟ್ಟ ಸರಂಜಾಮನ್ನೇ ಡಿಸೆಂಬರಿನಲ್ಲಿ ಹಿಡಿದು ನಿಂತರೆ ಖಾಲಿ ಕೈ. ಕಲಕು ನೀರಿನಲ್ಲಿ ಮೀನು ವಾಸನೆ ಹಿಡಿದು ಬರುತ್ತದೆ, ದಪ್ಪ ದಾರವಾದರೂ ನಡೆಯುತ್ತದೆ. ಚಳಿಗಾಲದ ತಿಳಿನೀರಿನಲ್ಲಿ ಅದಕ್ಕೆ ದಾರ, ಕೊಕ್ಕೆ, ದಡದಲ್ಲಿ ನಿಂತವನ ನೆರಳು ಎಲ್ಲವೂ ಕಾಣುತ್ತದೆ. ಕೋಡಿಬೇಂಗ್ರೆಯಲ್ಲಿ ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆ, ಗಂಗೊಳ್ಳಿಯ ಅಳಿವೆ, ಮರವಂತೆ ಕಡೆಯ ಕಲ್ಲುದಂಡೆ, ಈ 3 ಜಾಗಗಳಲ್ಲಿ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಕಾಲದಲ್ಲಿ ಮೀನು ದಡದ ಹತ್ತಿರ ಸಿಗುವುದಕ್ಕೆ ಕಾರಣವಿದೆ. ಮಳೆಗಾಲದಲ್ಲಿ ನಮ್ಮ ಕಡಲಿನ ತಳದಿಂದ ತಣ್ಣನೆಯ, ಆಮ್ಲಜನಕ ಕಡಿಮೆಯಿರುವ ನೀರು ದಡದ ಕಡೆಗೆ ಮೇಲೇರಿ ಬರುತ್ತದೆ. ಆಗ ತಳದ ಮೀನುಗಳು ಅಲ್ಲಿ ನಿಲ್ಲುವುದಿಲ್ಲ. ನವೆಂಬರ್ ಹೊತ್ತಿಗೆ ಪ್ರವಾಹ ತಿರುಗಿ ಉತ್ತರಕ್ಕೆ ಹರಿಯತೊಡಗುತ್ತದೆ, ಮೇಲೇರುವ ನೀರು ನಿಲ್ಲುತ್ತದೆ, ಕಲ್ಲಿನ ಸಂದುಗಳಿಗೆ ಮುರು ಮೀನು, ಕೆಂಬೇರಿ ವಾಪಸು ಬರುತ್ತವೆ. ಹೊಳೆಯ ಹರಿವು ಇಳಿದಂತೆ ಉಪ್ಪುನೀರು ಒಳಗೊಳಗೆ ಹೋಗುತ್ತದೆ, ಅದರ ಜೊತೆಗೆ ಸಿಗಡಿಯೂ ಹೋಗುತ್ತದೆ. ಜನವರಿಯಲ್ಲಿ ಅಳಿವೆಯ ಬಾಯಿಯಲ್ಲಿ ಏನೂ ಸಿಗದಿದ್ದರೆ ಒಂದೆರಡು ಕಿಲೋಮೀಟರ್ ಒಳಗೆ, ಸೇತುವೆ ಕಂಬದ ಬುಡದಲ್ಲಿ ನೋಡಬೇಕು.

ಗಾಳಿಯ ಲೆಕ್ಕ ಸುಲಭ. ನಡುರಾತ್ರಿಯಿಂದ ಬೆಳಗಿನ ಹತ್ತರವರೆಗೆ ಮೂಡುಗಾಳಿ. ಅದು ಬೆನ್ನ ಹಿಂದಿನಿಂದ ಬೀಸುವುದರಿಂದ ಎಸೆತ ದೂರ ಹೋಗುತ್ತದೆ, ದಡದ ಅಲೆ ತಗ್ಗುತ್ತದೆ. ಹನ್ನೊಂದರ ನಂತರ ವಾಯವ್ಯದಿಂದ ಪಡುಗಾಳಿ ಏಳುತ್ತದೆ, ದಾರ ಬಿಲ್ಲಿನಂತೆ ಬಾಗುತ್ತದೆ, ಕಾಣೆಯಂಥ ಮೀನಿನ ಸಣ್ಣ ಕಡಿತ ಕೈಗೆ ತಿಳಿಯುವುದೇ ಇಲ್ಲ. ಹಾಗಾಗಿ ನನ್ನ ಕೆಲಸ ಬೆಳಗಿನ ಐದೂವರೆಯಿಂದ ಒಂಬತ್ತೂವರೆಯೊಳಗೆ ಮುಗಿಯುತ್ತದೆ.

ಆ ನಾಲ್ಕು ಗಂಟೆಯಲ್ಲಿ ನೀರು ಓಡುತ್ತಿರಬೇಕು. ಅದಕ್ಕೆ ತಿಥಿ ನೋಡುತ್ತೇನೆ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ತುಂಬುವುದು ಮಧ್ಯಾಹ್ನ ಮತ್ತು ನಡುರಾತ್ರಿಯ ಆಸುಪಾಸಿಗೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಈ ಲೆಕ್ಕದಲ್ಲಿ ದಶಮಿಯಿಂದ ದ್ವಾದಶಿಯವರೆಗೆ ಸೂರ್ಯ ಹುಟ್ಟುವಾಗ ನೀರು ಏರುತ್ತಿರುತ್ತದೆ, ಏಳರಿಂದ ಒಂಬತ್ತರೊಳಗೆ ತುಂಬುತ್ತದೆ. ಮರಳಿನ ಮೇಲೆ ಕಾಣೆ ಹಿಡಿಯಲು ಇವೇ ದಿನಗಳು. ತದಿಗೆಯಿಂದ ಪಂಚಮಿಯವರೆಗೆ ಬೆಳಗಾಗುವಾಗ ನೀರು ಇಳಿಯುತ್ತಿರುತ್ತದೆ. ಅಳಿವೆಯ ಬಾಯಿಯಲ್ಲಿ ಕುರುಡಿ, ಕೊಕ್ಕರ್ ಮೀನುಗಳಿಗೆ ಕಾಯುವುದು ಆಗ. ಅಷ್ಟಮಿಯಂದು ಬೆಳಗಿನ ಜಾವಕ್ಕೇ ನೀರು ತುಂಬಿರುತ್ತದೆ ನಿಜ, ಆದರೆ ಏರಿಳಿತ ಕಡಿಮೆ, ಸೆಳೆತವಿಲ್ಲ. ತುಂಬು ಉಬ್ಬರದಲ್ಲೂ ಇಲ್ಲಿ ನೀರು ಏರುವುದು ಒಂದೂವರೆ ಮೀಟರಿನಷ್ಟು ಮಾತ್ರ, ಅಷ್ಟಮಿಗೆ ಅದರ ಅರ್ಧವೂ ಇರುವುದಿಲ್ಲ. ದಿನಕ್ಕೆ ಎರಡು ಉಬ್ಬರವಿದ್ದರೂ ಅವು ಸಮ ಇರುವುದಿಲ್ಲ, ಹಾಗಾಗಿ ತಿಥಿಯಿಂದ ದಿನ ಆರಿಸಿ, ಗಂಟೆ ಮತ್ತು ಎತ್ತರವನ್ನು ಉಬ್ಬರದ ಪಟ್ಟಿಯಲ್ಲಿ ನೋಡಿ ಖಚಿತ ಮಾಡಿಕೊಳ್ಳುತ್ತೇನೆ.

ಹೊಸ ಜಾಗಕ್ಕೆ ಮೊದಲ ಸಲ ಹೋಗುವುದಾದರೆ ಗಾಳ ಬೇಡ. ಅಮಾವಾಸ್ಯೆಯ ಸಂಜೆ ಐದರ ಹೊತ್ತಿಗೆ ನೀರು ತಳ ಕಂಡಾಗ ಬರಿಗೈಯಲ್ಲಿ ಹೋಗಿ ನೋಡಬೇಕು. ಅಳಿವೆಯ ಮರಳ ದಿಬ್ಬ ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ, ಕಳೆದ ವರ್ಷದ ಗುಂಡಿ ಈ ವರ್ಷ ಅಲ್ಲಿರುವುದಿಲ್ಲ. ದಿಬ್ಬದ ಯಾವ ಬದಿ ಕಡಿದಾಗಿದೆ, ಕಾಲುವೆ ಎಲ್ಲಿ ತಿರುಗುತ್ತದೆ ಎಂಬುದನ್ನು ದಡದ ಒಂದು ತೆಂಗಿನ ಮರಕ್ಕೋ ಕಂಬಕ್ಕೋ ಹೊಂದಿಸಿ ಗುರುತಿಟ್ಟುಕೊಳ್ಳುತ್ತೇನೆ. ನೀರು ಮುಚ್ಚಿದ ಮೇಲೆ ಎಸೆಯಬೇಕಾದದ್ದು ಆ ಅಂಚಿಗೇ.

ಕಾಣೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಚಳಿಗಾಲದ ತಿಳಿನೀರಿನ ಪಾಠವೆಲ್ಲ ಈ ಮೀನಿನಲ್ಲಿದೆ. ಬಾಯಿ ಸಣ್ಣದು, ಮರಳಿನ ಮೇಲೆ ಹುಳು, ಸಿಗಡಿ ಮೇಯುತ್ತದೆ, ಹೆದರಿದರೆ ಮರಳಿನೊಳಗೇ ಹೂತುಕೊಳ್ಳುತ್ತದೆ. 8 ಅಥವಾ 10ನೇ ನಂಬರಿನ ಉದ್ದ ಕಾಲಿನ ಕೊಕ್ಕೆ ಸಾಕು. ಮುಖ್ಯ ತಂಗೂಸಿ, ಅಂದರೆ ನೈಲಾನ್ ದಾರ, 0.25 ಮಿ.ಮೀ. ಅದಕ್ಕೆ 25 ಗ್ರಾಂ ಸೀಸವನ್ನು ಸರಿದಾಡುವಂತೆ ಪೋಣಿಸಿ, ಒಂದು ಮಣಿ, ಆಮೇಲೆ ಸಣ್ಣ ಸ್ವಿವೆಲ್ (ದಾರ ತಿರುಚದಂತೆ ತಿರುಗುವ ಕೊಂಡಿ), ಅದರಾಚೆ 0.20 ಮಿ.ಮೀ. ತಂಗೂಸಿ 70 ಸೆಂಟಿಮೀಟರ್, ತುದಿಯಲ್ಲಿ ಕೊಕ್ಕೆ. ಸೀಸ ಸರಿದಾಡದೆ ಕಟ್ಟಿದರೆ ಮೀನಿಗೆ ಭಾರ ತಾಗಿ ಎರೆ ಬಿಟ್ಟುಬಿಡುತ್ತದೆ. ಎಸೆದು ಸುಮ್ಮನೆ ಕೂರಬಾರದು: ಅರ್ಧ ನಿಮಿಷಕ್ಕೊಮ್ಮೆ ಒಂದು ಗೇಣಿನಷ್ಟು ಎಳೆದು ನಿಲ್ಲಿಸಬೇಕು. ಸೀಸ ಮರಳು ಕೆದಕಿದಾಗ ಏಳುವ ದೂಳು ಕಾಣೆಯನ್ನು ಕರೆಯುತ್ತದೆ. ಟಕ್ ಟಕ್ ಎಂದು ಎರಡು ಸಲ ತಾಗಿದ ಮೇಲೆ ಮೆಲ್ಲನೆ ಎತ್ತಬೇಕು, ಜೋರಾಗಿ ಎಳೆದರೆ ತುಟಿ ಹರಿಯುತ್ತದೆ. ನೀರಿಗೆ ಇಳಿದು ಮೊಣಕಾಲುದ್ದಕ್ಕೆ ಹೋಗುವವರು ಮೀನನ್ನು ತಾವೇ ಓಡಿಸುತ್ತಾರೆ. ಬೆಳಗಿನ ಉಬ್ಬರದಲ್ಲಿ ಕಾಣೆ ಎಷ್ಟೋ ಸಲ ದಡದಿಂದ 10 ಮೀಟರ್ ಒಳಗೇ ಇರುತ್ತದೆ.

ಎರೆಯ ವಿಷಯದಲ್ಲಿ ರಾಜಿ ಇಲ್ಲ. ಬೋಟಿನ ಮಂಜುಗಡ್ಡೆಯಲ್ಲಿ ವಾರ ಕಳೆದ ಸಿಗಡಿ ಮೆತ್ತಗಾಗಿರುತ್ತದೆ, ಎಸೆತದಲ್ಲೇ ಕಳಚಿ ಹಾರುತ್ತದೆ. ಹಿಂದಿನ ಸಂಜೆ ಹೊಳೆಯಲ್ಲಿ ಬೀಸುಬಲೆ ಹಾಕುವವರ ಹತ್ತಿರ ಜೀವಂತ ಸಿಗಡಿ, ಕುಂದಾಪುರದ ಮಾತಿನಲ್ಲಿ ಚಟ್ಲಿ, ತೆಗೆದುಕೊಳ್ಳುತ್ತೇನೆ. 10 ಲೀಟರ್ ಬಕೆಟಿನಲ್ಲಿ ಅದೇ ಹೊಳೆಯ ನೀರು, ಬ್ಯಾಟರಿಯ ಗಾಳಿ ಪಂಪು, 25-30 ಸಿಗಡಿ. ಹೆಚ್ಚು ತುಂಬಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಸತ್ತಿರುತ್ತವೆ, ಸತ್ತವು ಉಳಿದವನ್ನೂ ಕೊಲ್ಲುತ್ತವೆ. ನೀರು ತಣ್ಣಗಿಡಲು ಮಂಜುಗಡ್ಡೆಯನ್ನು ನೇರ ಹಾಕಬಾರದು, ಸಿಹಿನೀರು ಸೇರಿ ಕೆಡುತ್ತದೆ. ಬಾಟಲಿಯಲ್ಲಿ ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಇಳಿಬಿಡಬೇಕು.

ಕುರುಡಿಗೆ, ಅಂದರೆ ಹೋಟೆಲಿನವರು ಸೀ ಬಾಸ್ ಎನ್ನುವ ಮೀನಿಗೆ, ಈ ಸಿಗಡಿಯನ್ನು ಬದುಕಿದ್ದಂತೆಯೇ ಚುಚ್ಚಬೇಕು. ತಲೆಯ ಮುಂದಿನ ಗರಗಸದ ಕೊಂಬನ್ನು ಬೆಳಕಿಗೆ ಹಿಡಿದರೆ ಅದರ ಬುಡದ ಹಿಂದೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಕೊಕ್ಕೆಯನ್ನು ಆ ಚುಕ್ಕೆಯ ಮುಂದೆ, ಕೊಂಬಿನ ಬುಡದಲ್ಲಿ ಚಿಪ್ಪಿನ ಅಡಿಯಿಂದ ಅಡ್ಡಕ್ಕೆ ಹಾಯಿಸಿದರೆ ಸಿಗಡಿ ಒಂದು ಗಂಟೆಯಾದರೂ ಚಿಮ್ಮುತ್ತಿರುತ್ತದೆ. ಚುಕ್ಕೆಗೆ ತಾಗಿತೋ, ಎರಡು ನಿಮಿಷದಲ್ಲಿ ಬಿಳಿಚಿಕೊಂಡು ಸಾಯುತ್ತದೆ. ಕೊಕ್ಕೆ 1/0 ನಂಬರಿನದು, ತೆಳು ಕಂಬಿಯದು. ದಪ್ಪ ಕೊಕ್ಕೆಯ ಭಾರಕ್ಕೆ ಸಿಗಡಿ ಈಜಲಾರದು. ರೀಲಿನಲ್ಲಿ 20 ಪೌಂಡ್ ಎಳೆತ ತಡೆಯುವ ಬ್ರೇಡ್, ಅಂದರೆ ಹೆಣೆದ ದಾರ, ಮುಂದೆ ಕೊಕ್ಕೆ ಕಟ್ಟಲು 40 ಪೌಂಡಿನ ಫ್ಲೋರೋಕಾರ್ಬನ್ ತುದಿದಾರ, ಅಂದರೆ ಲೀಡರ್, ಒಂದು ಮಾರು. ತೆಳು ತಂಗೂಸಿ ಎಂದು ಇಷ್ಟು ಹೊತ್ತು ಹೇಳಿ ಇಲ್ಲಿ 40 ಪೌಂಡ್ ಏಕೆಂದರೆ, ಕುರುಡಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನಂತಿರುತ್ತದೆ. ಮೀನು ನೀರಿನಿಂದ ಹಾರಿ ತಲೆ ಒದರುವಾಗ ತೆಳು ಲೀಡರ್ ಕತ್ತರಿಸಿ ಹೋಗುತ್ತದೆ. ಹಾರಿದಾಗ ರಾಡಿನ ತುದಿಯನ್ನು ನೀರಿನ ಕಡೆಗೆ ತಗ್ಗಿಸಬೇಕು.

ಚಳಿಯ ಮುಂಜಾನೆ ಹೊಳೆಯ ನೀರು ತಣ್ಣಗಿರುವಾಗ ಕುರುಡಿ ಮಂದ. ಎರೆಯನ್ನು ಬಾಯಿಯೆದುರೇ ಇಟ್ಟರೂ ಎಷ್ಟೋ ಸಲ ಮುಟ್ಟುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ದಿನಗಳಲ್ಲಿ ಮಧ್ಯಾಹ್ನ ತುಂಬಿದ ನೀರು ಬಿಸಿಲಿಗೆ ಕಾದು ಮೂರರಿಂದ ಐದರವರೆಗೆ ಇಳಿಯುತ್ತದಲ್ಲ, ಆಗ ಕಾಲುವೆಯ ತಿರುವಿನಲ್ಲಿ ಕಚ್ಚುವುದು ಹೆಚ್ಚು. ಪಡುಗಾಳಿ ಇದ್ದರೂ ಈ ಒಂದು ಮೀನಿಗಾಗಿ ಮಧ್ಯಾಹ್ನ ಹೋಗುತ್ತೇನೆ. ಈ ಜಾತಿಯಲ್ಲಿ ಮೀನು ಮೊದಲು ಗಂಡಾಗಿ ಬೆಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ಮೀಟರ್ ಉದ್ದದ ಕುರುಡಿ ಎಂದರೆ ಮೊಟ್ಟೆಯಿಡುವ ತಾಯಿ. ಅದನ್ನು ನೀರಿನಲ್ಲೇ ಕೊಕ್ಕೆ ಬಿಡಿಸಿ ಕಳುಹಿಸಿ. ಎರಡು ಮೂರು ಕೆ.ಜಿ.ಯದೇ ತಿನ್ನಲು ರುಚಿ.

ಕಲ್ಲುದಂಡೆಯ, ಅಂದರೆ ಬ್ರೇಕ್ ವಾಟರಿನ, ಕಲ್ಲುಗಳ ಮೇಲೆ ಲೆಕ್ಕ ಬೇರೆ. ಬಂಗುಡೆ ಗುಂಪು ದಡಕ್ಕೆ ಬಂದಿದ್ದರೆ 6 ಕೊಕ್ಕೆಯ ಸಬಿಕಿ ಸಾಲು (ಒಂದೇ ದಾರಕ್ಕೆ ಸಾಲಾಗಿ ಕಟ್ಟಿದ, ಹುಸಿ ಎರೆಯ ಸಣ್ಣ ಕೊಕ್ಕೆಗಳು), ಬುಡಕ್ಕೆ 40 ಗ್ರಾಂ ಸೀಸ. ಅದೇ ಬಂಗುಡೆ, ಬೂತಾಯಿ ಗುಂಪನ್ನು ಅಟ್ಟಿಸಿಕೊಂಡು ಬೆಳಕು ಹರಿಯುವ ಅರ್ಧ ಗಂಟೆಯಲ್ಲಿ ಕೊಕ್ಕರ್ ಬರುತ್ತದೆ. 9 ಅಡಿ ರಾಡ್, 4000 ಸೈಜಿನ ರೀಲ್, 30-40 ಗ್ರಾಂ ಲೋಹದ ಜಿಗ್, ಅಂದರೆ ಮೀನಿನಂತೆ ಕಾಣುವ ಹುಸಿ ಎರೆ. ಎಸೆದು ತಳ ಮುಟ್ಟುವವರೆಗೆ ಎಣಿಸಬೇಕು. ಮುಂದಿನ ಎಸೆತದಲ್ಲಿ ಆ ಎಣಿಕೆಗಿಂತ ಎರಡು ಮೊದಲೇ ಸುತ್ತಲು ಶುರು ಮಾಡಿದರೆ ಜಿಗ್ ಕಲ್ಲಿಗೆ ಸಿಕ್ಕುವುದಿಲ್ಲ. ಮುರು ಮೀನಿಗೆ ತಳದಲ್ಲೇ ಎರೆ ಇಡಬೇಕಾದಾಗ ಸೀಸವನ್ನು ಮುಖ್ಯ ದಾರಕ್ಕೆ ಕಟ್ಟದೆ, 0.20ರ ತುಂಡು ತಂಗೂಸಿಯಲ್ಲಿ ನೇತುಹಾಕುತ್ತೇನೆ. ಸಂದಿಗೆ ಸಿಕ್ಕಿದರೆ ಸೀಸ ಮಾತ್ರ ಹೋಗುತ್ತದೆ, ಮೀನು ಉಳಿಯುತ್ತದೆ.

ಇಲ್ಲಿ ಅಪಾಯವೂ ಇದೆ, ಅದು ಗಾಳಿಯಿಲ್ಲದ ದಿನವೇ ಬರುತ್ತದೆ. ಪರ್ಷಿಯನ್ ಕೊಲ್ಲಿಯ ಕಡೆ ಶಮಾಲ್ ಗಾಳಿ ಜೋರಾಗಿ ಬೀಸಿದಾಗ ಏಳುವ ಅಲೆಗಳು ಅರಬ್ಬಿ ಸಮುದ್ರ ದಾಟಿ ವಾಯವ್ಯದಿಂದ ನಮ್ಮ ದಡಕ್ಕೆ ಬಡಿಯುತ್ತವೆ. ಆಕಾಶ ಶುಭ್ರ, ಮೂಡುಗಾಳಿ ತಣ್ಣಗೆ, ಆದರೂ ಕಲ್ಲಿನ ಮೇಲೆ ನೀರು ಹತ್ತುತ್ತಿರುತ್ತದೆ. ಹೊರಡುವ ಮೊದಲು ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡುತ್ತೇನೆ. ಅಲ್ಲಿಗೆ ಹೋದ ಮೇಲೂ 15 ನಿಮಿಷ ಮೇಲೆಯೇ ನಿಂತು ನೋಡಿ, ಆ ಹೊತ್ತಿನಲ್ಲಿ ಒದ್ದೆಯಾದ ಕಲ್ಲಿಗೆ ಇಳಿಯುವುದಿಲ್ಲ. ಹಸಿರು ಪಾಚಿ ಹಿಡಿದ ಟೆಟ್ರಾಪಾಡ್ (ಅಲೆ ತಡೆಯಲು ಹಾಕಿದ ನಾಲ್ಕು ಕಾಲಿನ ಕಾಂಕ್ರೀಟ್ ಗುಂಡು) ಮೇಲೆ ಹವಾಯಿ ಚಪ್ಪಲಿ ಬೇಡವೇ ಬೇಡ.

ಗಾಳಕ್ಕೆ ತೇಡೆ, ಅಂದರೆ ಮೀಸೆಯಿರುವ ಕ್ಯಾಟ್‌ಫಿಶ್, ಬಿದ್ದರೆ ಕೈಯಲ್ಲಿ ಹಿಡಿಯದೆ ಇಕ್ಕಳದಿಂದ ಕೊಕ್ಕೆ ಬಿಡಿಸಬೇಕು, ಬೆನ್ನಿನ ಮತ್ತು ಪಕ್ಕದ ಮುಳ್ಳುಗಳಲ್ಲಿ ನಂಜಿದೆ. ಮರಳಿನಲ್ಲಿ ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಹೂತು ಮಲಗಿರುವುದರಿಂದ ನೀರಿನಲ್ಲಿ ಹೆಜ್ಜೆ ಎತ್ತಿಡದೆ ಕಾಲೆಳೆದು ನಡೆಯಬೇಕು. ಚುಚ್ಚಿದರೆ ತಾಳಬಹುದಾದಷ್ಟು ಬಿಸಿಯ ನೀರಿನಲ್ಲಿ ಅರ್ಧದಿಂದ ಒಂದೂವರೆ ಗಂಟೆ ಅದ್ದಿಟ್ಟರೆ ನೋವು ಇಳಿಯುತ್ತದೆ, ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು. ಹೊಟ್ಟೆ ಉಬ್ಬಿಸುವ ಪಫರ್ ಮೀನನ್ನು ಯಾರಿಗೂ ಕೊಡಬಾರದು, ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ರಾತ್ರಿ ಹೋಗುವವರಿಗೆ ಎರಡು ಮಾತು. ಕೆಲವು ದಿನ ನೀರು ಕಲಕಿದಲ್ಲೆಲ್ಲ ನೀಲಿಯಾಗಿ ಮಿನುಗುತ್ತದೆ. ದಾರ ಎಳೆದರೆ ಅದೂ ಬೆಳಕಿನ ಗೆರೆಯಂತೆ ಹೊಳೆಯುತ್ತದೆ, ಮೀನು ಹತ್ತಿರ ಸುಳಿಯುವುದಿಲ್ಲ. ಆ ದಿನ ವಾಪಸು ಬಂದುಬಿಡುತ್ತೇನೆ. ಎರಡನೆಯದು, ಈ ತಿಂಗಳುಗಳಲ್ಲಿ ನಮ್ಮ ಮರಳದಂಡೆಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ತಲೆಗೆ ಕಟ್ಟಿದ ಟಾರ್ಚನ್ನು ದಂಡೆಯ ಕಡೆ ತಿರುಗಿಸಬಾರದು, ತುಂಡಾದ ತಂಗೂಸಿಯನ್ನು ಒಂದು ಗೇಣೂ ಮರಳಿನಲ್ಲಿ ಬಿಡಬಾರದು. ಅದು ಆಮೆಯ ಕಾಲಿಗೆ ಸುತ್ತಿದರೆ ಬಿಡಿಸುವವರು ಯಾರೂ ಇಲ್ಲ.

ಹಿಡಿದ ಮೀನನ್ನು ಬಕೆಟಿನ ಬೆಚ್ಚಗಿನ ನೀರಿನಲ್ಲಿ ಬಿಡುವುದು ದೊಡ್ಡ ತಪ್ಪು. ಚಳಿಗಾಲ ಎಂದರೂ ನಮ್ಮ ಕಡಲ ನೀರು 27-28 ಡಿಗ್ರಿ ಇರುತ್ತದೆ. ಹಿಡಿದ ಕೂಡಲೇ ಕಿವಿರು ಕತ್ತರಿಸಿ ರಕ್ತ ಹೋಗಲು ಬಿಟ್ಟು, ಪುಡಿ ಮಂಜುಗಡ್ಡೆಗೆ ಒಂದಿಷ್ಟು ಕಡಲ ನೀರು ಸೇರಿಸಿದ ಪೆಟ್ಟಿಗೆಯಲ್ಲಿ ಮುಳುಗಿಸಬೇಕು. ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಮಂಜು. ಕಾಣೆಯ ಮಾಂಸ ಹೀಗಿಟ್ಟರೆ ಮನೆಗೆ ಬಂದಾಗಲೂ ಬೆರಳಿಗೆ ಗಟ್ಟಿಯಾಗಿ ಸಿಗುತ್ತದೆ.

ಮನೆಗೆ ಬಂದು ಮೊದಲ ಕೆಲಸ ರೀಲ್ ತೊಳೆಯುವುದು. ದಾರದ ಬಿಗಿತ ಹೊಂದಿಸುವ ಡ್ರ್ಯಾಗ್ ಗುಂಡಿಯನ್ನು ಬಿಗಿ ಮಾಡಿ, ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆದು, ಆಮೇಲೆ ಗುಂಡಿ ಸಡಿಲಿಸಿ ನೆರಳಿನಲ್ಲಿ ಒಣಗಿಸುತ್ತೇನೆ. ಪೈಪಿನಿಂದ ಜೋರಾಗಿ ನೀರು ಬಿಟ್ಟರೆ ಹೊರಗಿನ ಉಪ್ಪು ಬೇರಿಂಗಿನೊಳಗೆ ಸೇರಿ, ಮುಂದಿನ ತಿಂಗಳು ಹಿಡಿ ತಿರುಗಿಸುವಾಗ ಗರಗರ ಸದ್ದು ಶುರುವಾಗುತ್ತದೆ. ಬ್ರೇಡಿನ ಮೊದಲ ಎರಡು ಮಾರನ್ನು ಉಗುರಿನ ಮೇಲೆ ಎಳೆದು ನೋಡಿ, ತರಿ ಸಿಕ್ಕಿದಲ್ಲಿ ಕತ್ತರಿಸಿ ಲೀಡರನ್ನು ಹೊಸದಾಗಿ ಕಟ್ಟಿಡುತ್ತೇನೆ.